ರೊಟ್ಟಿಯಷ್ಟು ಬಿಸಿಲು

ಏಲಕ್ಕಿ ಹೂ ನೋಡಬೇಕಾದರೆ ಮೊಣಕಾಲೂರಬೇಕು. ನಿಂತು ನೋಡಿದರೆ ಕಾಣುವುದು ಬರೀ ಎಲೆ. ಆಳೆತ್ತರ ಮೀರಿದ ಹಸಿರು ದಂಟು, ಅದರ ಎರಡೂ ಕಡೆ ಕತ್ತಿಯಂಥ ಉದ್ದುದ್ದ ಎಲೆ. ಬೆಂಗಳೂರಿನಿಂದ ಬಂದ ನನ್ನ ತಂಗಿ ಮಗಳು ಮೊದಲ ಸಲ ತೋಟಕ್ಕೆ ಇಳಿದಾಗ ಕತ್ತೆತ್ತಿ ಎಲೆ ಸಂದಿಯಲ್ಲೆಲ್ಲ ಹುಡುಕಿದಳು. "ದೊಡ್ಡಮ್ಮ, ಇದ್ರಲ್ಲಿ ಏಲಕ್ಕಿನೇ ಇಲ್ವಲ್ಲ" ಅಂದಳು. ಅವಳ ಚಪ್ಪಲಿ ಆಗಲೇ ಒಂದು ಹೂಗೊಂಚಲಿನ ಮೇಲಿತ್ತು.

ಈ ಗಿಡ ಹೂ ಬಿಡುವುದು ಬುಡದಲ್ಲಿ. ಗೆಡ್ಡೆಯಿಂದ ಒಂದು ಕಡ್ಡಿ ಹೊರಟು ನೆಲದ ಮೇಲೆ ಹಾವಿನಮರಿ ಥರ ಹರಿದುಕೊಂಡು ಹೋಗುತ್ತದೆ. ತರಗು ಸರಿಸಿದರೆ ಕಾಣುತ್ತದೆ. ಗೆಣ್ಣು ಗೆಣ್ಣಿಗೂ ಹೂ, ಮೊದಲು ಅರಳಿದ ಕಡೆ ಆಗಲೇ ಕಾಯಿ. ಹೂ ಅಂದರೆ ಹೆಬ್ಬೆರಳ ಉಗುರಿಗಿಂತ ಚೂರು ದೊಡ್ಡದು. ಬಿಳಿ ತುಟಿ, ಅದರ ಮೇಲೆ ನೇರಳೆ ಗೆರೆಗಳು. ಮಸಿಪೆನ್ನಿನ ತುದಿಯಲ್ಲಿ ಯಾರೋ ಉಸಿರು ಬಿಗಿಹಿಡಿದು ಎಳೆದ ಹಾಗೆ. ಆ ಗೆರೆಗಳೆಲ್ಲ ಹೂವಿನ ಒಳಕ್ಕೇ ಸಾಗುತ್ತವೆ. ಜೇನಿಗೆ ಅದು ದಾರಿ. ನಸುಕಿನಲ್ಲಿ ಅರಳಿದ ಹೂವಿನ ಆಯಸ್ಸು ಸಂಜೆವರೆಗೆ ಅಷ್ಟೇ. ಅಷ್ಟರೊಳಗೆ ತುಡುವೆಯೋ ಹೆಜ್ಜೇನೋ ಬಂದು ಹೋದರೆ ಕಾಯಿ. ಇಲ್ಲವಾದರೆ ಮಾರನೇ ದಿನ ಆ ಜಾಗದಲ್ಲಿ ಒದ್ದೆ ಕಾಗದದ ಚೂರಿನಂಥದ್ದೊಂದು ಅಂಟಿಕೊಂಡಿರುತ್ತದೆ. ಜೂನ್ ಜುಲೈಯಲ್ಲಿ ನಾಲ್ಕು ದಿನ ಮಳೆ ಬಿಡದೆ ಹೊಡೆದರೆ ಜೇನು ಗೂಡು ಬಿಟ್ಟು ಏಳುವುದೇ ಇಲ್ಲ. ಆ ನಾಲ್ಕು ದಿನದ ಹೂವೆಲ್ಲ ಲೆಕ್ಕಕ್ಕಿಲ್ಲ.

ನಮ್ಮದು ಸಕಲೇಶಪುರದಿಂದ ಬಿಸಿಲೆ ಕಡೆ ಹೋಗುವಾಗ ಹೆತ್ತೂರು ದಾಟಿ ಒಳಗೆ ಬರುವ ಊರು. ಕಾಫಿಯೇ ನಮ್ಮ ಅನ್ನ. ಏಲಕ್ಕಿ ನನ್ನ ಹಟ. ತೋಟದ ಕೆಳಗೆ, ಹಳ್ಳದ ಎರಡು ಮಗ್ಗುಲಿಗೆ, ಕಾಫಿ ಒಗ್ಗದ ಅರ್ಧ ಎಕರೆ ತಂಪು ಜಾಗ ಇದೆ. ಅದಕ್ಕೆ ಏಲಕ್ಕಿ ಹಳ್ಳ ಅಂತಲೇ ಹೆಸರು. ನಾನು ಮದುವೆಯಾಗಿ ಬಂದಾಗ ಅಲ್ಲಿ ಒಂದೇ ಒಂದು ಏಲಕ್ಕಿ ಬುಡ ಇರಲಿಲ್ಲ. ಹೆಸರು ಮಾತ್ರ ಉಳಿದಿತ್ತು. ಅತ್ತೆ ಮನೆಯಲ್ಲಿ ಏಲಕ್ಕಿ ಹಳ್ಳ, ಪಾಯಸಕ್ಕೆ ಮಾತ್ರ ಏಲಕ್ಕಿ ಪೇಟೆಯಿಂದ. ನನಗೆ ಅದು ಒಂಥರಾ ಇರುಸುಮುರುಸು.

"ಕಟ್ಟೆ ಬಂತು, ಕಿತ್ತೆ" ಅಂದಿದ್ದರು ಮಾವ. ಆ ಮೂರು ಪದದ ಹಿಂದೆ ಏನಿತ್ತು ಅಂತ ನನಗೆ ಆಮೇಲೆ ತಿಳಿಯಿತು. ಅದಕ್ಕೆ ಬರುತ್ತೇನೆ.

ಮಾವ ಮಾತು ಕಡಿಮೆ. ನಾನು ಏಲಕ್ಕಿ ಮತ್ತೆ ಹಾಕುತ್ತೇನೆ ಅಂದಾಗ ಬೇಡ ಅನ್ನಲಿಲ್ಲ, ಹಾಕು ಅಂತಲೂ ಅನ್ನಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ಹಳ್ಳಕ್ಕೆ ಕರೆದುಕೊಂಡು ಹೋದರು. ನೆತ್ತಿ ಮೇಲೆ ಸೂರ್ಯ. ಮೇಲೆ ನೋಡಬೇಡ, ನೆಲ ನೋಡು ಅಂದರು. ತರಗಿನ ಮೇಲೆ ಬಿಸಿಲು ಅಲ್ಲಲ್ಲಿ ಚುಕ್ಕಿ ಬಿದ್ದಿತ್ತು. "ಆ ಚುಕ್ಕಿ ರೊಟ್ಟಿಯಷ್ಟಿದ್ರೆ ಸರಿ. ಜಗಲಿಯಷ್ಟಿದ್ರೆ ಗಿಡ ಸುಡುತ್ತೆ. ಕಾಸಿನಷ್ಟಿದ್ರೆ ಹೂ ಬಿಡಲ್ಲ."

ಪುಸ್ತಕದಲ್ಲಿ ನೂರಕ್ಕೆ 40ರಿಂದ 60ರಷ್ಟು ನೆರಳು ಬೇಕು ಅಂತ ಬರೆದಿರುತ್ತದೆ. ಸರಿಯೇ. ಆದರೆ ಹಲಸು, ಅತ್ತಿ, ನೇರಳೆ, ಹೆಬ್ಬಲಸು, ಸಿಲ್ವರ್ ಓಕ್ ಎಲ್ಲ ಬೆರಕೆಯಾಗಿ ನಿಂತ ಕಡೆ ನೂರಕ್ಕೆ ಐವತ್ತು ಅಂದರೆ ಎಷ್ಟು ಅಂತ ಯಾರು ಅಳೆಯುತ್ತಾರೆ? ರೊಟ್ಟಿ ಅಂದರೆ ನನಗೆ ಗೊತ್ತು. ದಿನಾ ತಟ್ಟುತ್ತೇನೆ.

ಏಲಕ್ಕಿ ಕಾಡಿನ ಗಿಡ. ನಮ್ಮ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ದೊಡ್ಡ ಮರಗಳ ಅಡಿಗೆ ಹುಟ್ಟಿ ಬೆಳೆದ ಜಾತಿ. ಶುಂಠಿ, ಅರಿಶಿನದ ಕುಲ. ಸಮುದ್ರಮಟ್ಟದಿಂದ ಸುಮಾರು 600ರಿಂದ 1,200 ಮೀಟರ್ ಎತ್ತರ, ಜಾಸ್ತಿ ಮಳೆ, ಆದರೆ ನೀರು ನಿಲ್ಲದ ಇಳಿಜಾರು, ಎಲೆ ಕೊಳೆತು ಕಪ್ಪಾದ ಸಡಿಲ ಮಣ್ಣು. ಇಷ್ಟಿದ್ದರೆ ಅದು ತನ್ನ ಪಾಡಿಗೆ ತಾನು ಇರುತ್ತದೆ. ಹೆಸರು ಕೂಡ ಚೆಂದ. ಏಲ ಅನ್ನುವ ಗಿಡದ ಅಕ್ಕಿ, ಏಲಕ್ಕಿ. ಮಲಯಾಳದಲ್ಲಿ ಅಕ್ಕಿಗೆ ಅರಿ ಅನ್ನುತ್ತಾರೆ, ಹಾಗಾಗಿ ಅವರಿಗೆ ಅದು ಏಲತ್ತರಿ. ವಿಜ್ಞಾನಿಗಳು ಗಿಡಕ್ಕೆ ಇಟ್ಟ ಎಲೆಟ್ಟೇರಿಯಾ ಅನ್ನುವ ಹೆಸರು ಅದೇ ಮಲಯಾಳದ ಮಾತಿನಿಂದ ಬಂದದ್ದು. ಒಳಗಿನ ಕರಿ ಬೀಜ ನೋಡಿ ಎರಡೂ ಕಡೆಯ ಜನಕ್ಕೆ ಅನ್ನವೇ ನೆನಪಾಯಿತಲ್ಲ ಅಂತ ನನಗೆ ಖುಷಿ.

ನನ್ನ ಮೊದಲ ವರ್ಷದ ಪೆದ್ದುತನ ಹೇಳುತ್ತೇನೆ.

ಮರದ ಕೊಂಬೆ ಸವರಿ ಬೆಳಕು ಬಿಡುವುದಕ್ಕೆ ನಮ್ಮ ಕಡೆ ಮರಗಸಿ ಅನ್ನುತ್ತಾರೆ. ಏಲಕ್ಕಿಗೆ ಮರಗಸಿ ಮಾಡುವ ಕಾಲ ಮಳೆ ಹಿಡಿಯುವ ಮುಂಚೆ, ಮೇ ಹೊತ್ತಿಗೆ. ಬೇಸಿಗೆ ಪೂರ್ತಿ ದಟ್ಟ ನೆರಳು ಬೇಕು. ಮಳೆಗಾಲದಲ್ಲಿ ಆಕಾಶವೇ ಮುಚ್ಚಿಕೊಂಡಿರುತ್ತದೆ, ಆಗ ಮರವೂ ಮುಚ್ಚಿಕೊಂಡರೆ ಗಿಡಕ್ಕೆ ಬೆಳಕೇ ಇರುವುದಿಲ್ಲ. ಇದನ್ನೆಲ್ಲ ಕೇಳಿಸಿಕೊಂಡಿದ್ದೆ. ಆದರೆ ಮರ ಹತ್ತುವ ಆಳು ಈಗ ಎಲ್ಲಿ ಸಿಗುತ್ತಾರೆ? ಆ ವರ್ಷ ಫೆಬ್ರವರಿಯಲ್ಲಿ ಇಬ್ಬರು ಸಿಕ್ಕಿದರು. ಸಿಕ್ಕಾಗ ಮಾಡಿಸಿಬಿಡೋಣ ಅಂತ ಹತ್ತಿಸಿದೆ. ಮೇಸ್ತ್ರಿ ಒಂದು ಸಲ ಅಂದ, "ಅಮ್ಮಾವ್ರೆ, ಈಗ್ಲೇ ಬೇಡ್ವೇನೋ." ನಾನು ಕೇಳಲಿಲ್ಲ.

ಮಾರ್ಚ್ ಕೊನೆಗೆ ಗಿಡಗಳ ಬಣ್ಣ ಹೋಯಿತು. ಮೊದಲು ಎಲೆ ಹಳದಿ ತಿರುಗಿತು, ಆಮೇಲೆ ಅಂಚು ಸುಟ್ಟ ಹಪ್ಪಳದ ಹಾಗೆ ಸುರುಟಿತು. ಆಗಷ್ಟೇ ಬುಡದಲ್ಲಿ ಹೊರಟಿದ್ದ ಹೂಕಡ್ಡಿಗಳು ಅಲ್ಲೇ ಒಣಗಿ ನಿಂತವು. ಹಳ್ಳದಿಂದ ಪೈಪ್ ಎಳೆದು ನೀರು ಹೊಡೆದೆ. ನೀರು ಕುಡಿಸಬಹುದು, ನೆರಳು ಕುಡಿಸಲಿಕ್ಕಾಗುತ್ತಾ? ತೆಂಗಿನ ಗರಿ ತಂದು ಗಿಡಕ್ಕೊಂದರಂತೆ ಹೊದಿಸಿದೆವು. ಮಾವ ಮೇಲಿನ ರಸ್ತೆಯಲ್ಲಿ ನಿಂತು ನೋಡಿದರು. ಒಂದು ಮಾತೂ ಆಡಲಿಲ್ಲ. ಅಂದಿದ್ದರೆ ನೆಮ್ಮದಿಯಾಗುತ್ತಿತ್ತು.

ಮರುವರ್ಷ ಹೆದರಿಕೆಗೆ ಮರ ಮುಟ್ಟಲೇ ಇಲ್ಲ. ಗಿಡ ಏನು ಚೆಂದ ಬೆಳೆಯಿತು ಅಂತೀರಿ. ಕಬ್ಬಿನ ಗದ್ದೆ ಥರ. ಕಡು ಹಸಿರು, ಎರಡಾಳೆತ್ತರ. ಬಂದವರಿಗೆಲ್ಲ ಕರೆದು ತೋರಿಸಿದೆ. ಬುಡ ನೋಡಿದರೆ ಹೂವೇ ಇಲ್ಲ. ಎಲ್ಲೋ ಬಿಟ್ಟ ನಾಲ್ಕು ಗೊಂಚಲಿನ ಕಾಯಿಯೂ ಆಗಸ್ಟ್ ಮಳೆಗೆ ಮೆತ್ತಗಾಗಿ ಕೊಳೆಯಿತು. ಕತ್ತಲಲ್ಲಿ ಒದ್ದೆ ಆರುವುದೇ ಇಲ್ಲ, ಅಲ್ವಾ. ಕೊಳೆರೋಗಕ್ಕೆ ಇನ್ನೇನು ಬೇಕು? ಅದಕ್ಕೆ ಹೊಡೆಯುವ ಮದ್ದು ಬೋರ್ಡೋ ದ್ರಾವಣ. ಶೇಕಡಾ ಒಂದರ ಬೋರ್ಡೋ ಅಂದರೆ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದನ್ನು ಮಳೆಗೆ ಮುಂಚೆ ಬುಡಕ್ಕೂ ಗೊಂಚಲಿಗೂ ಹೊಡೆಯಬೇಕು. ನಾವು ಹೊಡೆದೂ ಇದ್ದೆವು. ಗಾಳಿ ಬೆಳಕಿಲ್ಲದ ಕಡೆ ಅದೊಂದೇ ಏನು ಮಾಡೀತು.

ಮೂರನೇ ವರ್ಷದಿಂದ ನಾನು ರೊಟ್ಟಿ ಲೆಕ್ಕಕ್ಕೆ ಬಂದೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೆಲ ನೋಡುವುದು. ಇಲ್ಲಿ ಕಾಸು, ಇಲ್ಲಿ ಜಗಲಿ, ಇಲ್ಲಿ ಸರಿ. ಯಾವ ಕೊಂಬೆ ಹೋಗಬೇಕು ಅಂತ ಸುಣ್ಣದಲ್ಲಿ ಗುರುತು ಹಾಕುವುದು. ಈ ಕೆಲಸ ಒಂದು ಸಲ ಮಾಡಿದರೆ ಮುಗಿಯಿತು ಅನ್ನುವಂಥದ್ದಲ್ಲ. ಮರ ಬೆಳೆಯುತ್ತಲೇ ಇರುತ್ತದೆ. ಹೋದ ವರ್ಷದ ರೊಟ್ಟಿ ಈ ವರ್ಷ ಕಾಸಾಗಿರುತ್ತದೆ. ಗಾಳಿಗೆ ಒಂದು ಕೊಂಬೆ ಮುರಿದರೆ ರಾತ್ರೋರಾತ್ರಿ ಜಗಲಿ. ಜನ ಏಲಕ್ಕಿ ಕೃಷಿ ಅನ್ನುತ್ತಾರೆ. ನನ್ನನ್ನು ಕೇಳಿದರೆ ಅದರಲ್ಲಿ ಮುಕ್ಕಾಲು ಪಾಲು ಮರದ ಕೃಷಿ.

ಬುಡದ ಆರೈಕೆ ಅಷ್ಟು ದೊಡ್ಡದಲ್ಲ. ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಜಾಸ್ತಿ. ಗುದ್ದಲಿ ಹಾಕಬಾರದು. ಏಲಕ್ಕಿ ಬೇರು ಮೇಲುಮೇಲಕ್ಕೇ ಇರುತ್ತದೆ, ಒಂದು ಗೇಣಿನೊಳಗೆ. ಕಾಫಿಗೆ ಅಗತೆ ಮಾಡಿದ ಹಾಗೆ ಮಾಡಿದರೆ ಬೇರೆಲ್ಲ ಕತ್ತರಿಸಿ ಹೋಗುತ್ತದೆ. ಕಳೆ ಕೈಯಲ್ಲಿ ಕೀಳಬೇಕು, ಇಲ್ಲಾ ಕತ್ತಿಯಲ್ಲಿ ಸವರಬೇಕು. ನೆಡುವಾಗಲೂ ಗೆಡ್ಡೆಯನ್ನು ಆಳಕ್ಕೆ ಹೂಳಬಾರದು. ಮಣ್ಣು ಸ್ವಲ್ಪ ಮುಚ್ಚಿದರೆ ಸಾಕು, ಗಾಳಿಗೆ ಆಡದ ಹಾಗೆ ಪಕ್ಕಕ್ಕೊಂದು ಗೂಟ ಕೊಟ್ಟು ಕಟ್ಟಬೇಕು. ನಮ್ಮ ಕಡೆ ಆರಡಿಗೊಂದು ಗಿಡ. ಕೇರಳದ ಇಡುಕ್ಕಿ ಕಡೆಯ ದೊಡ್ಡ ಜಾತಿಗಳಿಗೆ ಹತ್ತಡಿ ಬಿಡುತ್ತಾರೆ.

ಮಳೆ ನಿಂತ ಮೇಲೆ ಬುಡಕ್ಕೆ ತರಗು ಹೊದಿಸುವುದು ಒಂದು ಕೆಲಸ. ಬೇಸಿಗೆ ದಾಟಬೇಕಾದರೆ ಅದು ಬೇಕೇ ಬೇಕು. ಹೂ ಬಿಡುವ ಹೊತ್ತಿಗೆ ಅದೇ ತರಗನ್ನು ಸರಿಸಬೇಕು. ಹೂಕಡ್ಡಿ ತರಗಿನ ಅಡಿ ಹೂತುಹೋದರೆ ಜೇನು ಎಲ್ಲಿ ಹುಡುಕೀತು? ಇನ್ನು ಕಾಯಿ ಕೊಟ್ಟು ಮುಗಿದ ದಂಟುಗಳನ್ನು ಕಡಿದು ತೆಗೆಯಬೇಕು. ಇದು ಬಾಳೆಯ ಲೆಕ್ಕವೇ. ಈ ವರ್ಷ ಎದ್ದ ಕಂದು ಮುಂದಿನ ವರ್ಷ ಹೂ ಕೊಡುತ್ತದೆ, ಕೊಟ್ಟು ಒಣಗುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಎದ್ದಿರುತ್ತವೆ. ದಂಟು ಹೋಗುತ್ತದೆ, ಬುಡ ಇರುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹನ್ನೆರಡು ವರ್ಷ ಒಂದೇ ಬುಡ ಫಸಲು ಕೊಡುತ್ತದೆ.

ಕಂದಿನ ಮಾತು ಬಂತು. ಈಗ ಕಟ್ಟೆ ಕತೆ ಹೇಳಲೇಬೇಕು.

ನನ್ನ ತವರು ಮೂಡಿಗೆರೆ ಸೀಮೆ. ಅಲ್ಲಿ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಅವ್ವ ಸಾಕಿದ ನಾಲ್ಕೈದು ಏಲಕ್ಕಿ ಬುಡ ಇದ್ದವು. ನಾನು ಹುಡುಗಿಯಾಗಿದ್ದಾಗಿನಿಂದ ನೋಡಿದ್ದು. ನಮ್ಮ ಹಳ್ಳಕ್ಕೆ ಗಿಡ ಹಾಕುತ್ತಿದ್ದೇನೆ ಅಂದಾಗ ಅವ್ವ ಆರು ಕಂದು ಕಿತ್ತು, ಬೇರಿಗೆ ಒದ್ದೆ ಮಣ್ಣು ಮೆತ್ತಿ, ಗೋಣಿಚೀಲದಲ್ಲಿ ಸುತ್ತಿ ಕೊಟ್ಟಳು. ಬಸ್ಸಿನಲ್ಲಿ ಕಾಲ ಬುಡದಲ್ಲಿ ಇಟ್ಟುಕೊಂಡು ಬಂದೆ. ಕಂದು ಅಂತಾರೆ, ಕಂದ ಅಂತಾರೆ, ಕನ್ನಡದಲ್ಲಿ ಎರಡಕ್ಕೂ ಏನು ಅಂಥಾ ವ್ಯತ್ಯಾಸ? ಬಾಕಿ ಗಿಡವೆಲ್ಲ ನರ್ಸರಿಯಲ್ಲಿ ತಂದ ಸಸಿ. ಈ ಆರನ್ನು ಮಾತ್ರ ಹಳ್ಳ ಇಳಿಯುವಾಗ ಮೊದಲು ಕಾಣುವ ಹಾಗೆ ದಾರಿ ಪಕ್ಕದಲ್ಲೇ ನೆಟ್ಟೆ.

ನಾಲ್ಕನೇ ವರ್ಷ, ಚೆನ್ನಾಗಿ ಹೂ ಹಿಡಿದಿದ್ದ ಕಾಲ. ಮೇಸ್ತ್ರಿ ಕರೆದ. "ಅಮ್ಮಾವ್ರೆ, ಈ ಸುಳಿ ಎಲೆ ಬೆಳಕಿಗೆ ಹಿಡಿದು ನೋಡಿ." ನೋಡಿದೆ. ಎಲೆಯ ನಡು ನರದಿಂದ ಅಂಚಿನ ಕಡೆಗೆ ತಿಳಿಹಸಿರು ಗೆರೆಗಳು. ಪೂರ್ತಿ ಗೆರೆಯಲ್ಲ, ತುಂಡು ತುಂಡು. ಸೀಮೆಸುಣ್ಣ ಒತ್ತಿ ಎಳೆದು, ಬಿಟ್ಟು, ಮತ್ತೆ ಎಳೆದ ಹಾಗೆ. ಹಳೇ ಎಲೆಯಲ್ಲಿ ಏನೂ ಇಲ್ಲ. ಹೊಸತರಲ್ಲಿ ಮಾತ್ರ.

ನನಗೆ ಗೊತ್ತಾಗಲಿಲ್ಲ ಅಂತ ಹೇಳಿದರೆ ಸುಳ್ಳು. ಗೊತ್ತಾಗಿತ್ತು. ಆದರೂ ಗೊಬ್ಬರ ಸಾಲದೇ ಇರಬೇಕು ಅಂತ ಕೊಟ್ಟಿಗೆ ಗೊಬ್ಬರ ಹಾಕಿಸಿದೆ. ಒಂದೂವರೆ ತಿಂಗಳು ಹಾಗೇ ಕಳೆದೆ. ಕಟ್ಟೆ ವೈರಸ್ ರೋಗ. ಒಂದು ಸಲ ಬುಡ ಹೊಕ್ಕರೆ ಆ ಬುಡದ ಎಲ್ಲ ಕಂದಿಗೂ ಹರಡುತ್ತದೆ. ಮದ್ದಿಲ್ಲ. ಗಿಡದಿಂದ ಗಿಡಕ್ಕೆ ಒಯ್ಯುವುದು ಕಂದು ಬಣ್ಣದ ಒಂದು ಸಣ್ಣ ಹೇನು, ದಂಟಿಗೆ ಸುತ್ತಿಕೊಂಡ ಎಲೆಬುಡದ ಸಂದಿಯಲ್ಲಿ ಕೂತಿರುತ್ತದೆ. ರೋಗ ಬಂದ ಬುಡವನ್ನು ಗೆಡ್ಡೆ ಸಮೇತ ಅಗೆದು ತೋಟದ ಆಚೆ ಸಾಗಿಸುವುದೊಂದೇ ದಾರಿ. ನಾನು ಗೊಬ್ಬರ ಹಾಕಿ ಕಾಯುತ್ತಿದ್ದಷ್ಟು ದಿನ ಹೇನು ಸುಮ್ನೆ ಇರಲಿಲ್ಲ. ಕೊನೆಗೆ ಎಣಿಸಿದಾಗ ಹತ್ತೊಂಬತ್ತು ಬುಡ. ಅವ್ವನ ಆರು, ಸುತ್ತಲಿನ ಹದಿಮೂರು.

ಅಗೆಯುವಾಗ ಕಾಯಿ ಇತ್ತು ಗೊಂಚಲಿನಲ್ಲಿ. ಹಸಿರು, ಗುಂಡಗೆ, ಇನ್ನೂ ಬಲಿಯದ್ದು.

ಕಟ್ಟೆ ಅನ್ನುವುದು ಕನ್ನಡದ್ದೇ ಹೆಸರು. ಇಂಗ್ಲಿಷಿನ ದಪ್ಪ ದಪ್ಪ ವಿಜ್ಞಾನದ ಪುಸ್ತಕದಲ್ಲೂ ಅದು ಕಟ್ಟೆಯೇ. ಇನ್ನೊಂದು ವೈರಸ್ ರೋಗ ಇದೆ, ಎಳೇ ಕಂದು ಕೊಕ್ಕೆ ಥರ ಬಾಗಿ ಗಿಡ ಕುಳ್ಳಾಗುತ್ತದೆ. ಅದನ್ನೂ ವಿಜ್ಞಾನಿಗಳು ಕೊಕ್ಕೆ ಕಂದು ಅಂತಲೇ ಕರೆಯುತ್ತಾರೆ. ಕಾಯಿ ಕೊಳೆಯುವುದಕ್ಕೆ ಮಲಯಾಳದ ಅಳುಕಲ್. ಜಗತ್ತಿನ ವಿಜ್ಞಾನಕ್ಕೆ ನಮ್ಮ ಭಾಷೆ ಕೊಟ್ಟ ಪದ ಯಾವುದು ಅಂತ ಯಾರಾದರೂ ಕೇಳಿದರೆ ಹೇಳಲಿಕ್ಕೆ ಇದೆ ನೋಡಿ, ಎರಡು ರೋಗ.

ಅವತ್ತು ಸಂಜೆ ಅವ್ವ ಫೋನ್ ಮಾಡಿದ್ದಳು. ಸುಮ್ನೆ ಮಾಡಿದ್ದು, ಏನೂ ವಿಷಯ ಇರಲಿಲ್ಲ. "ನಾ ಕೊಟ್ಟಿದ್ದು ಹೆಂಗವೆ?" ಅಂದಳು. "ಚೆನ್ನಾಗವೆ ಅವ್ವ, ಕಾಯಿ ಹಿಡಿದವೆ" ಅಂದೆ. ಕಾಯಿ ಹಿಡಿದಿದ್ದು ನಿಜ ತಾನೇ.

ಮಾವ ಅವತ್ತು ಊಟಕ್ಕೆ ಕೂತಾಗ ಮಾತ್ರ ಒಂದು ಮಾತು ಹೇಳಿದರು. ಅವರ ಕಾಲದಲ್ಲಿ ಕಟ್ಟೆ ಬಂದಾಗ ಅವರೂ ಒಂದು ವರ್ಷ ಕಾದಿದ್ದರಂತೆ. ಹಳ್ಳದ ಎಲ್ಲ ಬುಡ ಹೋಗಿದ್ದು ಹಾಗೆ.

ಆಮೇಲೆ ನಾನು ಬೀಜದಿಂದಲೇ ಸಸಿ ಮಾಡಲು ಕಲಿತೆ. ಬೀಜದಲ್ಲಿ ಕಟ್ಟೆ ಬರುವುದಿಲ್ಲ, ಕಂದಿನಲ್ಲಿ ಬರುತ್ತದೆ. ಪೂರ್ತಿ ಹಣ್ಣಾದ ಕಾಯಿ ಹಿಸುಕಿ, ಬೀಜದ ಮೇಲಿನ ಲೋಳೆ ಹೋಗುವ ಹಾಗೆ ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಎರಡು ಮೂರು ದಿನ ಆರಿಸಿ ಬಿತ್ತಬೇಕು. ತಡ ಮಾಡಬಾರದು. ಏಲಕ್ಕಿ ಬೀಜಕ್ಕೆ ತಾಳ್ಮೆ ಇಲ್ಲ, ಡಬ್ಬಿಯಲ್ಲಿಟ್ಟು ಆರು ತಿಂಗಳ ಮೇಲೆ ಹಾಕಿದರೆ ಒಂದೋ ಎರಡೋ ಮೊಳೆತಾವು. ಅಡುಗೆಮನೆ ಡಬ್ಬಿಯ ಏಲಕ್ಕಿ ಬಿತ್ತಿ ಕಾಯುವವರು ಇದ್ದಾರೆ. ಅದು ಬೆಂಕಿಯ ಬಿಸಿಯಲ್ಲಿ ಒಣಗಿದ್ದು, ಏಳುವುದಿಲ್ಲ. ಬೀಜದ ಸಸಿಯಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಅದೊಂದು ತೊಡಕು. ಕಟ್ಟೆ ತಡೆಯುವ ತಳಿಯೂ ಬಂದಿದೆ. ಮಡಿಕೇರಿ ಹತ್ತಿರದ ಅಪ್ಪಂಗಳ ಸಂಶೋಧನಾ ಕೇಂದ್ರದ್ದು, ಹೆಸರು ವಿಜೇತ. ನಾನು ಒಂದಷ್ಟು ಹಾಕಿದ್ದೇನೆ.

ಇನ್ನೊಂದು ತ್ಯಾಗವನ್ನೂ ಮಾಡಿದೆ. ಹಳ್ಳದ ಪಕ್ಕ ಕೆಸು ದಟ್ಟವಾಗಿ ಬೆಳೆಯುತ್ತಿತ್ತು. ಆ ಹೇನಿಗೆ ಕೆಸು ಅಂದರೆ ತವರುಮನೆ. ಏಲಕ್ಕಿ ತೋಟದೊಳಗೆ ಕೆಸು ಇರಕೂಡದು. ಕಿತ್ತು ಹಾಕಿಸಿದೆ. ಈಗ ಆಷಾಢದ ಪತ್ರೊಡೆಗೆ ಎಲೆ ಬೇಕಾದರೆ ಮೇಲಿನ ಕೆರೆ ಏರಿಗೆ ಹೋಗಬೇಕು. ನಮ್ಮ ಮನೆಯವರು ಇದನ್ನು ಇನ್ನೂ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ.

ಕೊಯ್ಲು ಶುರುವಾಗುವುದು ಆಗಸ್ಟ್ ಕೊನೆ, ಸೆಪ್ಟೆಂಬರಿಗೆ. ಹೂ ಕಾಯಾಗಿ ಬಲಿಯಲು ಸುಮಾರು ನಾಲ್ಕು ತಿಂಗಳು. ಒಂದೇ ಗೊಂಚಲಿನಲ್ಲಿ ಬುಡದ ಕಾಯಿ ಬಲಿತಿರುತ್ತದೆ, ನಡುವಿನದು ಎಳೆ, ತುದಿಯಲ್ಲಿ ಇನ್ನೂ ಹೂ. ಹಾಗಾಗಿ ಒಟ್ಟಿಗೆ ಕೊಯ್ಯಲು ಬರುವುದಿಲ್ಲ. ತಿಂಗಳಿಗೋ ನಲವತ್ತು ದಿನಕ್ಕೋ ಒಂದು ಸುತ್ತು, ಜನವರಿವರೆಗೆ. ಯಾವುದು ಬಲಿತದ್ದು ಅಂತ ಹೊರಗಿನಿಂದ ನೋಡಿ ಹೇಳುವುದು ಕಲಿತ ಕೈಗೆ ಮಾತ್ರ ಸಾಧ್ಯ. ನಾನು ಇವತ್ತಿಗೂ ಅನುಮಾನ ಬಂದರೆ ಒಂದನ್ನು ಉಗುರಲ್ಲಿ ಸೀಳಿ ನೋಡುತ್ತೇನೆ. ಬೀಜ ಬಿಳಿ ಇದ್ದರೆ ಎಳೆ. ಕಂದು ಇದ್ದರೆ ಇನ್ನೊಂದು ವಾರ. ಕರಿ ಇದ್ದು ಸಿಪ್ಪೆ ಹಸಿರಿದ್ದರೆ ಅದೇ ಹದ. ಸಿಪ್ಪೆ ಹಳದಿಗೆ ತಿರುಗಿದರೆ ನಿಮಗಿಂತ ಮುಂಚೆ ಇಲಿಯೋ ಅಳಿಲೋ ಬಂದು ಹೋಗಿರುತ್ತದೆ.

ಕೊಯ್ಯುವ ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬುಡಬುಡದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಇಂಬಳಕ್ಕೆ ಹೊಗೆಸೊಪ್ಪು ಸುಣ್ಣದ ಗಂಟು ಕಾಲಿಗೆ. ಅದಕ್ಕೂ ಬಗ್ಗದ ಇಂಬಳಗಳಿವೆ. ಸಂಜೆ ಕೈ ಮೂಸಿದರೆ ಏಲಕ್ಕಿಯ ಘಮ ಇರುತ್ತದೆ ಅಂದುಕೊಂಡಿದ್ದೆ ಮೊದಲು. ಹಸಿ ಕಾಯಿಗೆ ನಾವು ಅಂದುಕೊಂಡ ಘಮ ಇಲ್ಲ. ಸೀಳಿದರೆ ಹಸಿ ಶುಂಠಿ, ಕರ್ಪೂರ ಎರಡೂ ಬೆರೆತಂಥದ್ದೊಂದು ಖಾರದ ವಾಸನೆ ಮೂಗಿಗೆ ಹೊಡೆಯುತ್ತದೆ. ಲಾಡಿನ ವಾಸನೆ ಬರುವುದು ಒಣಗಿದ ಮೇಲೆ.

ಮೊದಲ ಕೊಯ್ಲನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಹೊಗೆ ಕುಡಿದು ಕಂದಗಾಯಿತು. ಆ ವರ್ಷದ ಪಾಯಸವೆಲ್ಲ ಸುಟ್ಟ ಸೌದೆ ಪಾಯಸ. ಈಗ ಪಕ್ಕದ ತೋಟದ ಡ್ರೈಯರಿಗೆ ಕಳಿಸುತ್ತೇನೆ. 45ರಿಂದ 50 ಡಿಗ್ರಿ ಬಿಸಿಯಲ್ಲಿ ಸುಮಾರು ಒಂದು ಹಗಲು ಒಂದು ರಾತ್ರಿ. ಬಿಸಿ ಏರಿದರೆ ಕಾಯಿ ಒಡೆಯುತ್ತದೆ, ಇಳಿದರೆ ಹಸಿರು ಹೋಗುತ್ತದೆ. ಐದು ಕೆಜಿ ಹಸಿ ಕೊಟ್ಟರೆ ಒಂದು ಕೆಜಿ ಒಣ ಬರುತ್ತದೆ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಆಮೇಲೆ ಬೆಳಕು ತಾಗದ ಹಾಗೆ ಕಟ್ಟಿಡಬೇಕು. ಬೆಳಕಿಗೆ ಹಸಿರು ಮಾಸುತ್ತದೆ. ಗಿಡ ಇದ್ದಾಗಲೂ ಅದೇ ಗೋಳು, ಡಬ್ಬಿಗೆ ಬಂದ ಮೇಲೂ ಅದೇ ಗೋಳು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2018ರ ಮಹಾಮಳೆ ಘಟ್ಟವನ್ನೆಲ್ಲ ಕೊಚ್ಚಿದ ಮರುವರ್ಷ, 2019ರ ಆಗಸ್ಟಿನಲ್ಲಿ, ಇಡುಕ್ಕಿಯ ಹರಾಜಿನಲ್ಲಿ ಏಲಕ್ಕಿ ಕೆಜಿಗೆ 7,000 ರೂಪಾಯಿ ಮುಟ್ಟಿತ್ತು. ನಮ್ಮೂರಲ್ಲಿ ಆಗ ಕಾಫಿ ಕಿತ್ತು ಏಲಕ್ಕಿ ಹಾಕುವ ಮಾತು ಹುಟ್ಟಿತ್ತು. ಆಮೇಲಿನ ಒಂದೆರಡು ವರ್ಷದಲ್ಲಿ ಬೆಲೆ ಬಿದ್ದ ಬೀಳು ನೋಡಿ ಆ ಮಾತೂ ಬಿದ್ದುಹೋಯಿತು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಬೆಳೆಯುವುದು ನಮ್ಮ ಘಟ್ಟದಲ್ಲಲ್ಲ, ಮಧ್ಯ ಅಮೆರಿಕದ ಗ್ವಾಟೆಮಾಲದಲ್ಲಿ. ಇಲ್ಲಿಂದ ಹೋದ ಗಿಡ ಅಲ್ಲಿ ಬೇರೆ ಮರದ ನೆರಳಲ್ಲಿ ಬೆಳೆದು ಅರಬರ ಕಾಫಿಗೆ ಹೋಗುತ್ತದೆ. ನಮ್ಮ ಹಾವೇರಿಗೆ ಏಲಕ್ಕಿ ಕಂಪಿನ ನಾಡು ಅಂತ ಹೆಸರು, ಅಲ್ಲಿ ಏಲಕ್ಕಿ ಬೆಳೆಯುವುದೇ ಇಲ್ಲ. ಘಟ್ಟದ ಕಾಯಿ ಇಳಿದು ಅಲ್ಲಿ ಹಾರವಾಗಿ ಗಣ್ಯರ ಕೊರಳಿಗೆ ಬೀಳುತ್ತದೆ. ನನ್ನ ಅರ್ಧ ಎಕರೆಯ ಫಸಲು ಯಾರ ಕೊರಳಿಗೂ ಸಾಲುವಂಥದ್ದಲ್ಲ. ಚೆನ್ನಾಗಿ ಬಂದ ವರ್ಷ ಒಣಗಿ ಮೂವತ್ತೆರಡು ಕೆಜಿ ತೂಗಿದೆ. ಮರ ಹತ್ತಿದವರ ಕೂಲಿ, ಕೊಯ್ಲಿನ ಕೂಲಿ ಕಳೆದರೆ ಉಳಿಯುವುದನ್ನು ಲಾಭ ಅನ್ನುವುದಕ್ಕೆ ನಮ್ಮ ಮನೆಯವರು ಒಪ್ಪುವುದಿಲ್ಲ.

ತಂಗಿ ಮಗಳು ಊರಿಗೆ ಹೋದ ಮೇಲೆ ಬೆಂಗಳೂರಿನ ಒಂದು ನರ್ಸರಿಯಿಂದ ಏಲಕ್ಕಿ ಗಿಡ ತಂದು ಬಾಲ್ಕನಿಯ ಕುಂಡದಲ್ಲಿ ಹಾಕಿದ್ದಾಳೆ. ಎಲೆ ಉಜ್ಜಿದರೆ ಘಮ್ಮನ್ನುತ್ತದಂತೆ. ಅದನ್ನು ಕೇಳಿದಾಗಲೇ ನನಗೆ ಅನುಮಾನ. ನಿಜವಾದ ಏಲಕ್ಕಿಯ ಎಲೆಗೆ ಅಷ್ಟು ಘಮ ಇಲ್ಲ. ಏಲಕ್ಕಿ ಅಂತ ಮಾರುವ ಕುಂಡದ ಗಿಡಗಳಲ್ಲಿ ಎಷ್ಟೋ ಅದರ ನೆಂಟ ಆಲ್ಪೀನಿಯಾ. ಹೂ ಬಿಟ್ಟರೆ ಗುರುತು ಸಿಗುತ್ತದೆ. ಅದು ದಂಟಿನ ತುದಿಯಲ್ಲಿ ಹೂ ಬಿಡುತ್ತದೆ, ಇದು ಬುಡದಲ್ಲಿ. ಅವಳು ಪಾಪ ಮೊದಲ ದಿನವೇ ತುದಿಯಲ್ಲಿ ಹುಡುಕಿದ್ದಳು. ಈಗ ಅವಳಿಗೆ ಒಪ್ಪುವ ಗಿಡವೇ ಸಿಕ್ಕಿದೆ ಅಂದುಕೊಂಡು ಸುಮ್ಮನಿದ್ದೇನೆ. ಅವಳು ಕೇಳಿದ್ದಕ್ಕೆ ಇಷ್ಟು ಹೇಳಿದೆ. ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನದ್ದು ಬೇಡ. ಕುಂಡದ ಅಡಿ ತಟ್ಟೆಯಲ್ಲಿ ನೀರು ನಿಲ್ಲಿಸಬೇಡ.

ಮಾವ ಹೋಗಿ ಈಗ ಎರಡು ವರ್ಷ. ಹೋದ ಜುಲೈ ಗಾಳಿಗೆ ಹಳ್ಳದ ಆಚೆ ಮಗ್ಗುಲಿನ ಹಳೇ ಹೆಬ್ಬಲಸು ಬಿತ್ತು. ರಾತ್ರಿ ಮನೆಗೇ ಕೇಳಿಸಿತು. ಮೊದಲು ಚಟಚಟ, ಆಮೇಲೆ ನೆಲ ಒಂದು ಸಲ ದಡ್ ಅಂದಿತು. ಬೆಳಿಗ್ಗೆ ಹೋಗಿ ನೋಡಿದರೆ ಎಂಟು ಬುಡ ಅದರ ಅಡಿಗೆ. ಮೇಲೆ ಆಕಾಶ. ಅಷ್ಟು ವರ್ಷದಲ್ಲಿ ಆ ಜಾಗದಿಂದ ಆಕಾಶ ನೋಡಿರಲೇ ಇಲ್ಲ ನಾನು.

ಮಾವ ಹೇಳುತ್ತಿದ್ದ ಒಂದು ಮಾತಿದೆ. ದೊಡ್ಡ ಮರ ಬಿದ್ದ ಸದ್ದಿಗೆ ಏಲಕ್ಕಿ ಎಚ್ಚರವಾಗುತ್ತದೆ ಅಂತ. ಕೊಡಗಿನ ಮಲೆಗಳಲ್ಲಿ ಹಿಂದೆ ಹೀಗೇ ಏಲಕ್ಕಿ ಮಾಡುತ್ತಿದ್ದರು. ನೆಡುತ್ತಲೇ ಇರಲಿಲ್ಲ. ಕಾಡಿನ ನಡುವೆ ಒಂದು ಚೂರು ಜಾಗದ ಕುರುಚಲು ಸವರಿ, ಒಂದು ದೊಡ್ಡ ಮರ ಉರುಳಿಸಿ ಬಿಟ್ಟು ಬರುತ್ತಿದ್ದರು. ಒಂದೆರಡು ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಏಲಕ್ಕಿ ಸಸಿ ತಾನಾಗಿ ಎದ್ದಿರುತ್ತಿತ್ತು. ನೆಲ ನಡುಗಿದ್ದಕ್ಕೇ ಏಳುತ್ತದೆ ಅಂತ ಹಳಬರ ನಂಬಿಕೆ. ಮಣ್ಣಿನಲ್ಲಿ ಬಿದ್ದಿದ್ದ ಬೀಜಕ್ಕೆ ಮಣ್ಣು ಕೆದರಿ ಬೆಳಕು ಸಿಕ್ಕಿದ್ದಕ್ಕೆ ಏಳುತ್ತದೆ ಅಂತ ನಾನು ವಾದ ಮಾಡುತ್ತಿದ್ದೆ. "ಅಷ್ಟು ದಿನ ಮಲಗಿತ್ತು ಅಂತ ನೀನೂ ಒಪ್ತೀಯಲ್ಲ" ಅನ್ನುತ್ತಿದ್ದರು.

ಅಕ್ಟೋಬರಿನಲ್ಲಿ ಮರದ ತುಂಡೆಲ್ಲ ಸಾಗಿಸಿ ಮುಗಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಬೇರು ಕಿತ್ತು ಬಂದ ಗುಂಡಿಯ ಅಂಚಿಗೆ ಎಳೇ ಸಸಿಗಳು. ಬೆರಳುದ್ದ, ಎರಡು ಮೂರು ಎಲೆ. ಮೊಣಕಾಲೂರಿ ಎಣಿಸಿದೆ. ಹನ್ನೊಂದು. ಯಾರನ್ನಾದರೂ ಕೂಗಿ ಕರೆಯೋಣ ಅನ್ನಿಸಿತು. ಕರೆಯಲಿಲ್ಲ, ಒಳ್ಳೆಯದೇ ಆಯಿತು. ಮೇಸ್ತ್ರಿ ಸಂಜೆ ಬಂದು ನೋಡಿ, ಏಳು ಕಾಡು ಅರಿಶಿನ ಅಂದ. ಉಳಿದ ನಾಲ್ಕಕ್ಕೆ ಅವನೂ ಏನೂ ಹೇಳಲಿಲ್ಲ. ಇನ್ನೆರಡು ಎಲೆ ಬಿಡಲಿ ನೋಡೋಣ ಅಂದ.

ನಾಲ್ಕಕ್ಕೂ ಪಕ್ಕದಲ್ಲಿ ಒಂದೊಂದು ಕಡ್ಡಿ ಚುಚ್ಚಿದ್ದೇನೆ, ಯಾರೂ ತುಳಿಯದ ಹಾಗೆ. ಬಿಸಿಲು ಅಲ್ಲಿ ಈಗ ಜಗಲಿಯಷ್ಟಲ್ಲ, ಅಂಗಳದಷ್ಟು ಬೀಳುತ್ತಿದೆ. ಬೇಸಿಗೆಗೆ ತೆಂಗಿನ ಗರಿ ಹೊದಿಸಬೇಕು. ಜೂನ್ ಮಳೆ ಹಿಡಿದ ಕೂಡಲೇ ಹಾಲುವಾಣದ ಗೂಟ ಊರಬೇಕು, ಅದು ಬೇಗ ಚಿಗುರಿ ನೆರಳು ಕೊಡುತ್ತದೆ. ಎಷ್ಟು ದೂರಕ್ಕೆ ಊರಬೇಕು ಅಂತ ಹೆಜ್ಜೆ ಹಾಕಿ ಅಳೆದು ಬಂದಿದ್ದೇನೆ. ಐದು ಗೂಟ ಬೇಕು.